ಒಳಮೈ ಹೊರಗೆ

"ಈ ಭಾನುವಾರ ಮಗುವಿನ ಭಯ ಇಳಿಸದೆ ಹೋದ್ರೆ ನನ್ನ ಹೆಸರು ಫೆಲಿಸಿಸಿಮಾ ಅಲ್ಲ" ಎಂದು ಇಸಿಂಗಜ್ಜಿ ಅಂಟಿನ ಬ್ರಷ್ಷನ್ನು ಡಬ್ಬಿಗೆ ಚುಚ್ಚಿ ಘೋಷಿಸಿದಳು.

ಆ ಹೆಸರಿನಿಂದ ಅವಳನ್ನು ಕರೆಯುವವರು ಊರಿನಲ್ಲಿ ಯಾರೂ ಇರಲಿಲ್ಲ. ಹೆಸರು ಹೋದರೂ ನಷ್ಟವಿರಲಿಲ್ಲ. ಆದರೂ ಮಗಳು ಕ್ಲಾರಿಟಾ, ಅಳಿಯ ನೆಲ್ಸನ್ ಇಬ್ಬರೂ ತಲೆ ತಗ್ಗಿಸಿದರು. ಅಜ್ಜಿ ಪೂರ್ತಿ ಹೆಸರು ಹಿಡಿದು ಆಣೆ ಇಟ್ಟಳೆಂದರೆ ಯಾರಿಗೋ ಏನೋ ಕಾದಿದೆ ಎಂದೇ ಅರ್ಥ. ಯಾರಿಗೆ ಎಂಬುದು ಆಮೇಲೆ ಗೊತ್ತಾಗುತ್ತಿತ್ತು.

ಬನಾಹಾವ್ ಬೆಟ್ಟದ ಬುಡದ ಆ ಊರಿನಲ್ಲಿ ಅರ್ಧ ಜನ ಚಪ್ಪಲಿ ಮಾಡುತ್ತಾರೆ, ಇನ್ನರ್ಧ ಜನ ಮಾರುತ್ತಾರೆ. ಇಸಿಂಗ್ ಮಾಡುವ ಅರ್ಧದವಳು. ಮೂವತ್ತೆಂಟು ವರ್ಷ ಗಂಡ ಅಂಬೋ ಅಟ್ಟೆ ಕತ್ತರಿಸಿದ, ಅವಳು ಪಟ್ಟಿ ಅಂಟಿಸಿದಳು. ಎಂಟು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅಂಬೋ ಊಟ ಮಾಡಿ ಬೆಂಚಿನ ಮೇಲೆ ಒರಗಿದ. ನಾಲ್ಕು ಗಂಟೆಗೆ ಇಸಿಂಗ್ ಕೈಯಲ್ಲಿ ಕೆಲಸವಿತ್ತು. ಮೊಮ್ಮಗಳನ್ನು ಕರೆದು, "ತಾತನ್ನ ಎಬ್ಬಿಸು, ಕಾಫಿ ಆರ್ತಾ ಇದೆ" ಎಂದಳು. ಒಂಬತ್ತು ವರ್ಷದ ನಿಕ್ಕಾ ಹೋದಳು. ಎಬ್ಬಿಸಿದಳು. ಬಹಳ ಹೊತ್ತು ಎಬ್ಬಿಸಿದಳು.

ತಾನೇ ಎದ್ದು ಹೋಗಬೇಕಿತ್ತು. ಒಂದು ಜೊತೆ ಚಪ್ಪಲಿಯ ಅಂಟು ಒಣಗಿದರೆ ಏನಾಗುತ್ತಿತ್ತು? ಇಸಿಂಗ್ ಇದನ್ನು ಯಾರಿಗೂ ಹೇಳಿರಲಿಲ್ಲ. ದಿನಕ್ಕೆ ಹತ್ತು ಸಲ ತನಗೇ ಹೇಳಿಕೊಳ್ಳುತ್ತಿದ್ದಳು.

ಅಂದಿನಿಂದ ನಿಕ್ಕಾಳದು ಒಂದೇ ಕೆಲಸ. ಮನೆಯಲ್ಲಿ ಯಾರು ಕಣ್ಣು ಮುಚ್ಚಿದರೂ ಬಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುವಳು. ಅಪ್ಪ ತೂಕಡಿಸಿದರೆ ಬೆರಳು. ಅಮ್ಮ ತಲೆನೋವೆಂದು ಕಣ್ಣು ಮುಚ್ಚಿದರೆ ಬೆರಳು. ಇಗರ್ಜಿಯಲ್ಲಿ ಅಜ್ಜಿ ಭಕ್ತಿಯಿಂದ ಕಣ್ಣು ಮುಚ್ಚಿದರೆ ಅಲ್ಲಿಗೂ ಬಂತು ಬೆರಳು. ಒಂದು ದಿನ ಜೀಪಿನಲ್ಲಿ ಪಕ್ಕದಲ್ಲಿ ನಿದ್ದೆ ಹೊಡೆಯುತ್ತಿದ್ದ ಪೊಲೀಸಿನವನ ಮೂಗಿನ ಕೆಳಗೂ ಇಟ್ಟಳು. ಅವನು ಸೀನಿದ. ಬದುಕಿದ್ದಾನೆಂದು ಇಡೀ ಜೀಪಿಗೆ ಖಾತ್ರಿಯಾಯಿತು.

ನಗುವುದಕ್ಕೆ ಇದು ಚೆನ್ನಾಗಿದೆ. ಆದರೆ ಮಗು ಶಾಲೆಗೆ ಹೋಗುವುದು ಬಿಟ್ಟಿತು. ತಾನು ಇಲ್ಲದಾಗ ಯಾರಾದರೂ ಮಲಗಿಬಿಟ್ಟರೆ ನೋಡುವವರು ಯಾರು? ಬೆಳಿಗ್ಗೆಯಾದರೆ ಹೊಟ್ಟೆನೋವು, ಎದೆ ಡವಡವ, ಕೈ ತಣ್ಣಗೆ. ತಾನಂತೂ ಮಲಗುತ್ತಲೇ ಇರಲಿಲ್ಲ. ಮಧ್ಯಾಹ್ನ ಅಜ್ಜಿ ಚಾಪೆಗೆ ಬಿದ್ದರೆ ಹತ್ತು ನಿಮಿಷಕ್ಕೊಮ್ಮೆ ಬೆರಳು.

"ಸತ್ತಿಲ್ಲ ಕಣೇ, ಸುಮ್ನಿರು" ಎನ್ನುವಳು ಇಸಿಂಗ್, ಕಣ್ಣು ಬಿಡದೆ.

ಆರೋಗ್ಯ ಕೇಂದ್ರದ ನರ್ಸಮ್ಮ ಮಾತ್ರೆ ಕೊಡಲಿಲ್ಲ. "ವಾರಕ್ಕೊಂದು ದಿನ ಮನೆಮಂದಿಯೆಲ್ಲ ಒಟ್ಟಿಗೆ ಹೊರಗೆ ಹೋಗಿ. ಮರ ಇರ್ಲಿ, ನೀರು ಇರ್ಲಿ. ಫೋನ್ ಬೇಡ. ಮಗು ಮಣ್ಣಲ್ಲಿ ಆಡ್ಲಿ. ನಿಧಾನವಾಗಿ ಇಳಿಯುತ್ತೆ" ಎಂದಳು.

"ಮರದ ಕೆಳಗಿದ್ರೆ ಗಾಬರಿ ಹೋಗುತ್ತಂತೆ" ಎಂದು ಇಸಿಂಗ್ ದಾರಿಯುದ್ದಕ್ಕೂ ಗೊಣಗಿದಳು. "ನಮ್ಮ ಕೋಳಿ ಹಗಲೆಲ್ಲ ಮರದ ಕೆಳಗೇ ಇರುತ್ತೆ. ಅದಕ್ಕಿರೋ ಗಾಬರಿ ಊರಲ್ಲಿ ಯಾರಿಗಿದೆ?"

ಸಂಜೆಯ ಹೊತ್ತಿಗೆ ಅದು ಅವಳದೇ ಯೋಚನೆಯಾಗಿತ್ತು. ಅಂಟಿನ ಬ್ರಷ್ಷು ಡಬ್ಬಿಗೆ ಇಳಿದದ್ದು ಆಗಲೇ.

"ಎಲ್ಲಿಗೆ ಹೋಗೋದು ನಾನಾಯ್?" ಎಂದು ಕ್ಲಾರಿಟಾ ಕೇಳಿದಳು. ಆ ಕಡೆ ತಾಯಿಯನ್ನು ಹಾಗೆಯೇ ಕರೆಯುತ್ತಾರೆ, ಅಜ್ಜಿಯನ್ನು ಲೋಲಾ ಎನ್ನುತ್ತಾರೆ.

"ನಿಮ್ಮಪ್ಪ ಭಾನುವಾರ ಹೋಗ್ತಿದ್ದ ಮಡು. ಹೊಳೆ ತಿರುಗೋ ಕಡೆ."

"ದಾರಿ ಗೊತ್ತಾ ನಿನಗೆ?"

"ನನ್ನ ಅಡುಗೆಮನೆ ಗೊತ್ತಿರೋ ಹಾಗೆ ಗೊತ್ತು."

ಅದು ಸುಳ್ಳು. ಇಸಿಂಗ್ ಆ ಮಡುವಿಗೆ ಒಮ್ಮೆಯೂ ಹೋದವಳಲ್ಲ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅಂಬೋ ಬಾಗಿಲಲ್ಲಿ ನಿಂತು, "ಬರ್ತೀಯಾ?" ಎನ್ನುತ್ತಿದ್ದ. "ಬಟ್ಟೆ ಯಾರು, ನಿಮ್ಮವ್ವ ಒಗೀತಾಳಾ?" ಎನ್ನುತ್ತಿದ್ದಳು ಇವಳು. ಆ ಅವ್ವ ಸತ್ತು ಇಪ್ಪತ್ತು ವರ್ಷವಾಗಿತ್ತು. ಅಂಬೋ ಇಬ್ಬರಿಗಾಗುವಷ್ಟು ಬುತ್ತಿ ಕಟ್ಟಿಸಿಕೊಂಡು ಒಬ್ಬನೇ ಹೋಗುತ್ತಿದ್ದ. ಸಂಜೆ ಖಾಲಿ ಡಬ್ಬಿ ತರುತ್ತಿದ್ದ. "ಹೊಟ್ಟೆಬಾಕ" ಎಂದು ಇಸಿಂಗ್ ಡಬ್ಬಿ ತೊಳೆಯುತ್ತಿದ್ದಳು. ಅವನು ನಗುತ್ತಿದ್ದ. ಆಮೇಲೆ ದಾರಿ ಹೇಳುತ್ತಿದ್ದ, ಯಾವತ್ತಾದರೂ ಬೇಕಾದೀತೆಂದು. ಇಸಿಂಗ್ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಆ ಅರ್ಧ ದಾರಿಯನ್ನು ನಂಬಿಕೊಂಡೇ ಇಂದಿನ ದಂಡಯಾತ್ರೆ.

ಭಾನುವಾರ ನೆಲ್ಸನ್ ತನ್ನ ಬಾಡಿಗೆಯ ಮೂರು ಚಕ್ರದ ಬಂಡಿಯಲ್ಲಿ ಎಲ್ಲರನ್ನೂ ತುಂಬಿಕೊಂಡ. ಒಂದು ಚಾಪೆ. ವಿನಿಗರ್ ಹಾಕಿ ಬೇಯಿಸಿದ ಕೋಳಿ ಅದೋಬೋ ಒಂದು ಪಾತ್ರೆ. ಬಾಳೆಲೆಯಲ್ಲಿ ಕಟ್ಟಿದ ಅನ್ನ. ಚಿಪ್ಪಿಗೆ ಕೆಂಪು ಬಣ್ಣ ಹಚ್ಚಿದ ಉಪ್ಪುಮೊಟ್ಟೆ ಒಂದು ಡಜನ್. ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದದ್ದು ಇಸಿಂಗಜ್ಜಿಯ ಕಪ್ಪು ಗೌನು.

ಗಂಡ ಸತ್ತವಳು ಒಂದು ವರ್ಷ ಕಪ್ಪು ಉಡಬೇಕು. ಇಸಿಂಗ್ ಜಪಮಾಲೆ ಸಂಘದ ಅಧ್ಯಕ್ಷಿಣಿ ಬೇರೆ. ಅವಳ ಗೌನು ಕುತ್ತಿಗೆಯಿಂದ ಕಣಕಾಲಿನವರೆಗೆ, ಒಳಗೆ ಅಸ್ತರಿ ಕೊಟ್ಟು ಹೊಲಿದದ್ದು. ಬಿಸಿಲಿಗೆ ಅದರೊಳಗೆ ಅವಳೂ ಅದೋಬೋದಂತೆ ಬೇಯುತ್ತಿದ್ದಳು. ಆದರೆ ನಿಯಮ ನಿಯಮವೇ. ಹೋದ ವರ್ಷ ಎರಡನೇ ಬೀದಿಯ ಚಾರಿಂಗ್ ಗಂಡ ಸತ್ತ ಒಂಬತ್ತನೇ ತಿಂಗಳಿಗೇ ನೀಲಿ ರವಿಕೆ ತೊಟ್ಟು ಇಗರ್ಜಿಗೆ ಬಂದಾಗ, ಮೆಟ್ಟಿಲ ಮೇಲೆ ನಿಲ್ಲಿಸಿ ಅರ್ಧ ಗಂಟೆ ಉಪದೇಶ ಮಾಡಿದವಳು ಇವಳೇ. "ವರ್ಷ ಅಂದ್ರೆ ಹನ್ನೆರಡು ತಿಂಗಳು ಕಣಮ್ಮ. ಎಣಿಸೋಕೆ ಬರಲ್ವಾ ನಿನಗೆ?" ಎಂದಿದ್ದಳು, ನಾಲ್ಕು ಜನಕ್ಕೆ ಕೇಳುವ ಹಾಗೆ. ಚಾರಿಂಗ್ ಅತ್ತುಕೊಂಡು ಮನೆಗೆ ಹೋಗಿದ್ದಳು.

ತೆಂಗಿನ ತೋಪಿನ ಅಂಚಿಗೆ ಬಂಡಿ ನಿಂತಿತು. ಅಲ್ಲಿಂದ ಕಾಲುದಾರಿ.

"ಮೂರು ತೆಂಗಿನಮರ ಒಟ್ಟಿಗೆ ನಿಂತಿರೋ ಕಡೆ ಎಡಕ್ಕೆ" ಎಂದು ಇಸಿಂಗ್ ದಂಡನಾಯಕನಂತೆ ಕೈ ಚಾಚಿದಳು.

ನೆಲ್ಸನ್ ಸುತ್ತ ನೋಡಿದ. "ನಾನಾಯ್, ಇಲ್ಲಿ ಎಲ್ಲ ಮರಾನೂ ಮೂರು ಮೂರೇ ನಿಂತಿವೆ."

"ಅದಕ್ಕೇ ಎಡಕ್ಕೆ ಅಂತಿರೋದು. ನಡಿ."

ಎಡಕ್ಕೆ ಹೋದರು. ಮತ್ತೆ ಮೂರು ಮರ ಬಂತು, ಮತ್ತೆ ಎಡಕ್ಕೆ. ಇನ್ನೂ ಮೂರು ಮರ, ಇನ್ನೂ ಎಡಕ್ಕೆ. ಸದಾ ಎಡಕ್ಕೇ ತಿರುಗಿದರೆ ಎಲ್ಲಿಗೆ ಹೋಗುತ್ತೇವೆಂದು ಗಾಣದ ಎತ್ತನ್ನು ಕೇಳಿದರೆ ಹೇಳುತ್ತಿತ್ತು. ಇಲ್ಲಿ ಎತ್ತು ಇರಲಿಲ್ಲ. ಅಧ್ಯಕ್ಷಿಣಿ ಇದ್ದಳು.

"ಲೋಲಾ, ನೀರಿನ ಸದ್ದು ಕೇಳ್ತಿದೆ" ಎಂದು ನಿಕ್ಕಾ ಅಜ್ಜಿಯ ಗೌನು ಜಗ್ಗಿ ಬಲಕ್ಕೆ ಕೈ ತೋರಿಸಿದಳು.

"ಅದು ಹೆದ್ದಾರಿ ಲಾರಿ. ನಡಿ."

ಮುಕ್ಕಾಲು ಗಂಟೆ ನಡೆದರು. ಒಂದು ಕಡೆ, ಮರದ ಬೇರಿನ ಮೇಲೆ, ಮುಚ್ಚಳ ಹಾಕಿದ ಒಂದು ಪಾತ್ರೆ ಕಾಣಿಸಿತು. ನೆಲ್ಸನ್ ಮುಚ್ಚಳ ಎತ್ತಿ ಮೂಸಿದ.

"ಅದೋಬೋ. ಪಾಪ, ಯಾರೋ ನಮ್ಮಂಥವರೇ ಮರೆತು ಹೋಗಿದ್ದಾರೆ."

ಕ್ಲಾರಿಟಾ ಗಂಡನ ಖಾಲಿ ಕೈ ನೋಡಿದಳು. "ನಮ್ಮಂಥವರಲ್ಲ. ನಾವೇ."

ಅರ್ಧ ಗಂಟೆಯ ಹಿಂದೆ ನೆಲ್ಸನ್ ಪಾತ್ರೆ ಕೆಳಗಿಟ್ಟು ಮರದ ಹಿಂದೆ ಹೋಗಿದ್ದು ಎಲ್ಲರಿಗೂ ನೆನಪಾಯಿತು. ಎತ್ತಿಕೊಂಡದ್ದು ಯಾರಿಗೂ ನೆನಪಾಗಲಿಲ್ಲ.

ಇಸಿಂಗ್ ನಿಂತಲ್ಲೇ ನಿಂತಳು. ದಾರಿ ತಪ್ಪಿದ್ದು ತನ್ನಿಂದ ಎಂದು ಒಪ್ಪುವುದಕ್ಕಿಂತ ಬೇರೆ ಯಾವುದಾದರೂ ಕಾರಣ ಸಿಕ್ಕರೆ ಒಳ್ಳೆಯದಿತ್ತು. ಸಿಕ್ಕಿತು.

"ಮರದ ಹಿಂದೆ ಹೋದ್ಯಲ್ಲ, ಅಪ್ಪಣೆ ಕೇಳಿದ್ಯಾ?"

"ಯಾರನ್ನ?"

"ಯಾರನ್ನ ಅಂತೆ. ಕಾಡಲ್ಲಿ ಇರೋರನ್ನ. 'ದಾರಿ ಬಿಡಿ ಹಿರಿಯರೇ, ಕಾಣದೆ ತುಳಿದ್ರೆ ತಪ್ಪಾಯ್ತು' ಅಂತ ಹೇಳ್ದೆ ಯಾರಾದ್ರೂ ಕೂರ್ತಾರಾ?"

"ನಾನಾಯ್, ಅವಸರ ಇತ್ತು."

"ಆಯ್ತು. ಟಿಕ್ಬಲಾಂಗ್ ಮೇಲೆ ಹೊಯ್ದಿದೀಯ."

ಕಾಡಿನ ಆ ಭೂತ, ಕುದುರೆಯ ಮುಖದ ಉದ್ದ ಕಾಲಿನವನು, ಸಿಟ್ಟಾದರೆ ಜನರನ್ನು ಒಂದೇ ಜಾಗದಲ್ಲಿ ಸುತ್ತಿಸುತ್ತಾನೆ. ಅದು ಅಲ್ಲಿ ಮಕ್ಕಳಿಗೂ ಗೊತ್ತು. ಪರಿಹಾರವೂ ಗೊತ್ತು. ಉಟ್ಟ ಅಂಗಿ ಬಿಚ್ಚಿ ಒಳಮೈ ಹೊರಗೆ ಮಾಡಿ ತೊಟ್ಟರೆ ಅವನಿಗೆ ಗುರುತು ತಪ್ಪಿ ದಾರಿ ಬಿಡುತ್ತಾನೆ.

"ಎಲ್ಲರೂ ಅಂಗಿ ತಿರುಗಿಸಿ" ಎಂದು ಇಸಿಂಗ್ ಅಪ್ಪಣೆ ಮಾಡಿದಳು. "ಒಬ್ರು ಬಿಟ್ರೂ ಫಲ ಇಲ್ಲ."

ನೆಲ್ಸನ್ ತಿರುಗಿಸಿದ. ಹೋದ ಚುನಾವಣೆಯಲ್ಲಿ ಸೋತ ಉಮೇದುವಾರನೊಬ್ಬನ ಮುಖ ಆ ಟೀ ಶರ್ಟಿನ ಮೇಲಿತ್ತು. ಅವನೀಗ ನೆಲ್ಸನ್ನನ ಹೊಟ್ಟೆಗೆ ಮುಖ ಒತ್ತಿಕೊಂಡ. "ಸೋತಾಗಲೂ ಇಷ್ಟು ಅವಮಾನ ಆಗಿರಲಿಕ್ಕಿಲ್ಲ ಪಾಪ" ಎಂದ ನೆಲ್ಸನ್. ಕ್ಲಾರಿಟಾ ತಿರುಗಿಸಿದಳು. ನಿಕ್ಕಾ ತಿರುಗಿಸಿದಳು. ಮೂವರೂ ಅಜ್ಜಿಯನ್ನು ನೋಡಿದರು.

"ನಾನು ಶೋಕದಲ್ಲಿದೀನಿ. ನನಗೆ ಅನ್ವಯ ಆಗಲ್ಲ."

"ಒಬ್ರು ಬಿಟ್ರೂ ಫಲ ಇಲ್ಲ ಅಂದಲ್ಲ ಲೋಲಾ" ಎಂದಳು ನಿಕ್ಕಾ.

"ವಿಧವೆಯರಿಗೆ ರಿಯಾಯಿತಿ ಇದೆ."

"ಎಲ್ಲಿ ಬರೆದಿದೆ?" ಎಂದು ಕ್ಲಾರಿಟಾ ಕೇಳಿದಳು.

ಆಗ ನಿಕ್ಕಾಳ ಉಸಿರು ಚಿಕ್ಕದಾಯಿತು. ತುಟಿ ಬಿಳುಪೇರಿತು. ಬೆರಳುಗಳು ಒಂದನ್ನೊಂದು ಕೀಳತೊಡಗಿದವು. "ನಾವು ಮನೆಗೆ ಹೋಗಲ್ವಾ? ಇಲ್ಲೇ ಎಲ್ಲರೂ ಮಲಗಿಬಿಡ್ತೀರಾ?" ಎಂದಳು. ನೆಲ್ಸನ್ ನಗುವುದನ್ನು ನಿಲ್ಲಿಸಿದ. ಭಯ ಇಳಿಸಲು ತಂದ ಮಗುವಿಗೆ ಭಯ ಏರಿತ್ತು. ಏರಿಸಿದವಳು ಫೆಲಿಸಿಸಿಮಾ.

"ಚಾಪೆ ಹಿಡಿ" ಎಂದಳು ಇಸಿಂಗ್ ಮಗಳಿಗೆ.

ಕ್ಲಾರಿಟಾ ಚಾಪೆ ಮರೆ ಹಿಡಿದಳು. ಒಳಗೆ ಏನೇನೋ ಗುದ್ದಾಟ ನಡೆಯಿತು. ಒಂದು ಗುಂಡಿ ಹಾರಿ ನೆಲ್ಸನ್ನನ ಕಾಲಿಗೆ ಬಿತ್ತು. ಚಾಪೆ ಇಳಿದಾಗ ಮೂವರೂ ಬಾಯಿ ತೆರೆದು ನಿಂತರು.

ಇಸಿಂಗಜ್ಜಿ ಹಳದಿಯಾಗಿದ್ದಳು. ಅಂತಿಂಥ ಹಳದಿಯಲ್ಲ. ಅರಿಸಿನ ಕದಡಿದಂಥ ಹಳದಿ, ಅದರ ಮೇಲೆ ಅಂಗೈಯಗಲದ ಕೆಂಪು ಹೂವು. ಗೋಣಿನಿಂದ ಕಾಲಿನವರೆಗೆ ಹೂವೇ ಹೂವು.

"ಅಪ್ಪ ತಂದಿದ್ದ ಗೌನು" ಎಂದಳು ಕ್ಲಾರಿಟಾ ಮೆಲ್ಲಗೆ.

ಸಾಯುವ ಹಿಂದಿನ ವರ್ಷ ಅಂಬೋ ಲುಸೆನಾ ಪೇಟೆಯಿಂದ ಅದನ್ನು ತಂದಿದ್ದ. "ಹೊಳೆಗೆ ಬರೋವಾಗ ಹಾಕ್ಕೋ" ಎಂದಿದ್ದ. "ಈ ವಯಸ್ಸಲ್ಲಿ ಹಳದೀನಾ? ಜನ ನನ್ನ ಮಾವಿನಹಣ್ಣು ಅಂದ್ಕೋತಾರೆ" ಎಂದು ಇವಳು ಪೆಟ್ಟಿಗೆಗೆ ಹಾಕಿದ್ದಳು. ಅವನು ಸತ್ತಾಗ ಪೇಟೆಯಲ್ಲಿ ಸಿಕ್ಕ ಕಪ್ಪು ಬಟ್ಟೆ ತೆಳುವಾಗಿತ್ತು, ಬಿಸಿಲಿಗೆ ಕಾಲು ಕಾಣುತ್ತಿತ್ತು. ಅಸ್ತರಿಗೆ ಬೇರೆ ಬಟ್ಟೆ ಯಾಕೆ ಕೊಳ್ಳಬೇಕು? ಪೆಟ್ಟಿಗೆಯಲ್ಲಿ ಒಂದು ದಂಡಕ್ಕೆ ಬಿದ್ದಿತ್ತಲ್ಲ. ಅಂದು ತನಗೆ ತಾನೇ ಹಾಗೆಂದುಕೊಂಡಿದ್ದಳು.

"ನೋಡಿದ್ದು ಸಾಕು" ಎಂದಳು ಇಸಿಂಗ್. "ಈಗ ಬಲಕ್ಕೆ. ಕಾಡಲ್ಲಿ ಯಾರೂ ಇರಲ್ಲ. ಹೊಳೆ ಕಂಡ ತಕ್ಷಣ ಮತ್ತೆ ಕಪ್ಪಾಗ್ತೀನಿ."

ಬಲಕ್ಕೆ ಐವತ್ತು ಹೆಜ್ಜೆ ಹಾಕಿದರು. ಹೆದ್ದಾರಿ ಲಾರಿ ಎಂದುಕೊಂಡದ್ದು ಹೊಳೆಯಾಗಿ ಹೊರಬಿತ್ತು. ಟಿಕ್ಬಲಾಂಗ್ ಇವರನ್ನು ಮಡುವಿನ ಪಕ್ಕದಲ್ಲೇ ಮುಕ್ಕಾಲು ಗಂಟೆ ಮೆರವಣಿಗೆ ಮಾಡಿಸಿದ್ದ. ಪೊದೆ ಸರಿಸಿ ಮೊದಲು ಹೊರಬಂದವಳು ಇಸಿಂಗ್, ಹೂಬಿಟ್ಟ ಮರದಂತೆ.

ಬಂಡೆಗಳ ಮೇಲೆ ಚಾಪೆ ಹಾಸಿಕೊಂಡು ಅರ್ಧ ಊರೇ ಕೂತಿತ್ತು. ಚಪ್ಪಲಿಯ ಅಟ್ಟೆ ಕತ್ತರಿಸುವ ಮುದುಕರು. ಅವರ ಹೆಂಡತಿಯರು. ಜಪಮಾಲೆ ಸಂಘದ ಏಳು ಜನ. ಮುಂದಿನ ಚಾಪೆಯಲ್ಲೇ ಚಾರಿಂಗ್, ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

ಎಲ್ಲ ತಲೆಗಳೂ ಒಮ್ಮೆಲೇ ಇತ್ತ ತಿರುಗಿದವು.

ಚಾರಿಂಗ್ ಬಾಳೆಹಣ್ಣು ಕೆಳಗಿಟ್ಟಳು. ಇಸಿಂಗಳನ್ನು ಮೇಲಿನಿಂದ ಕೆಳಗೆ ಒಂದೊಂದೇ ಹೂವು ನೋಡಿದಳು.

"ಹನ್ನೆರಡು ತಿಂಗಳು ಆಯ್ತಾ ಅಕ್ಕಾ?" ಎಂದಳು. "ನನಗೆ ಎಣಿಸೋಕೆ ಬರಲ್ಲ ನೋಡಿ."

ಟಿಕ್ಬಲಾಂಗ್, ಅಳಿಯ, ಮೂರು ಮರ, ಎಲ್ಲ ಒಟ್ಟಿಗೆ ಇಸಿಂಗಳ ನಾಲಿಗೆಗೆ ಬಂದು ಅಲ್ಲೇ ಸಿಕ್ಕಿಕೊಂಡವು. ಆಗ ಅವಳ ಬೆನ್ನ ಹಿಂದೆ ಒಂದು ಸದ್ದಾಯಿತು. ಕೆಮ್ಮು ಎಂದುಕೊಂಡಳು. ತಿರುಗಿ ನೋಡಿದರೆ ನಿಕ್ಕಾ ನಗುತ್ತಿದ್ದಳು. ಎಂಟು ತಿಂಗಳಲ್ಲಿ ಮೊದಲ ಸಲ. ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕೂತು, "ಮಾವಿನಹಣ್ಣು ಲೋಲಾ" ಎಂದು ನಗುತ್ತಿದ್ದಳು. ಆ ನಗು ಕೇಳಿ ಕ್ಲಾರಿಟಾ ಕಣ್ಣೊರೆಸಿಕೊಂಡಳು. ಇಸಿಂಗ್ ಯಾರನ್ನೂ ಬೈಯಲಿಲ್ಲ.

ಬೈಯದಿದ್ದದ್ದಕ್ಕೆ ಇನ್ನೊಂದು ಕಾರಣ ಮುದುಕ ಕಾದ್ಯೋ. ಅಂಬೋನ ಜೊತೆ ಮೂವತ್ತೆಂಟು ವರ್ಷ ಅಟ್ಟೆ ಕತ್ತರಿಸಿದವನು. ಅವನು ಊರುಗೋಲು ಊರಿಕೊಂಡು ಹತ್ತಿರ ಬಂದು ಗೌನಿನ ತೋಳು ಮುಟ್ಟಿ ನೋಡಿದ.

"ಇದೇನಾ ಆ ಹಳದಿ ಅಂಗಿ?"

"ನಿನಗೆ ಹೇಗೆ ಗೊತ್ತು ಅಣ್ಣ?"

"ಗೊತ್ತಿಲ್ದೆ ಏನು. ಇಡೀ ಒಂದು ವರ್ಷ ಅದೇ ಮಾತು. ಅಗೋ, ಆ ಚಪ್ಪಟೆ ಬಂಡೆ ಅವನದ್ದು. ಇಬ್ಬರು ಕೂರೋ ಹಾಗೆ ಚಾಪೆ ಹಾಸೋನು. 'ಇವತ್ತು ಬರ್ತಾಳೆ ಕಾದ್ಯೋ. ಹಳದಿ ಗೌನು ಹಾಕ್ಕೊಂಡು ಬರ್ತಾಳೆ, ದೂರದಿಂದಲೇ ಕಾಣುತ್ತೆ' ಅನ್ನೋನು. ಮಧ್ಯಾಹ್ನದ ತನಕ ಆ ದಾರೀನೇ ನೋಡ್ತಾ ಕೂರೋನು."

"ಆಮೇಲೆ?"

"ಆಮೇಲೇನು. ನಿನ್ನ ಪಾಲಿನ ಬುತ್ತಿ ನನಗೆ ಕೊಡೋನು. ಹದಿನೈದು ವರ್ಷದಿಂದ ನಿನ್ನ ಅಡುಗೆ ತಿಂದಿದೀನಿ ಇಸಿಂಗ್." ಮುದುಕ ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದ. "ಉಪ್ಪು ಒಂಚೂರು ಜಾಸ್ತಿ."

ಜನ ನಕ್ಕರು. ಇಸಿಂಗಳೂ ನಗಲು ನೋಡಿದಳು. ಹೊಟ್ಟೆಬಾಕ. ಹದಿನೈದು ವರ್ಷ, ವಾರಕ್ಕೊಮ್ಮೆ, ಡಬ್ಬಿ ತೊಳೆಯುತ್ತ ಅಂದ ಮಾತು. ಅವನು ಒಮ್ಮೆಯೂ ತಿದ್ದಲಿಲ್ಲ. ತಿದ್ದಿದ್ದರೆ ಇವಳಿಗೆ ಬೇಸರವಾಗುತ್ತಿತ್ತು, ಅದಕ್ಕೆ. ಒಗೆದ ಬಟ್ಟೆಗಳು ಒಂದೂ ಈಗ ನೆನಪಿಲ್ಲ. ಸೋಮವಾರ ಒಗೆದಿದ್ದರೂ ಒಣಗುತ್ತಿದ್ದವು.

ಅವಳು ಗೌನಿನ ಅಂಚು ಎತ್ತಿಕೊಂಡು, ಕಪ್ಪಾಗಲು ಪೊದೆಯ ಕಡೆ ಹೊರಟಳು. ಚಾರಿಂಗ್ ಅಡ್ಡ ಬಂದಳು.

"ಬೇಡಿ ಅಕ್ಕಾ, ತಿರುಗಿಸಬೇಡಿ."

"ನಾಳೆ ಇಡೀ ಊರು ಮಾತಾಡುತ್ತೆ."

"ಆಡುತ್ತೆ. ಮೂರು ವಾರ ಆಡುತ್ತೆ, ಆಮೇಲೆ ಬೇರೆ ಯಾರಾದ್ರೂ ಸಿಕ್ತಾರೆ. ನಾನು ನೋಡಿಲ್ವಾ?" ಎಂದು ಚಾರಿಂಗ್ ಅವಳ ಕೈ ಹಿಡಿದಳು. "ಈಗ ತಿರುಗಿಸಿದ್ರೆ ಮತ್ತೆ ದಾರಿ ತಪ್ಪುತ್ತೆ. ಬನ್ನಿ, ಕೂತ್ಕೊಳ್ಳಿ."

ಆ ಮೆಟ್ಟಿಲ ಮೇಲಿನ ಅರ್ಧ ಗಂಟೆಯನ್ನು ಹೇಗೆ ವಾಪಸು ತೆಗೆದುಕೊಳ್ಳುವುದೆಂದು ಇಸಿಂಗಳಿಗೆ ತಿಳಿಯಲಿಲ್ಲ. "ಉಪ್ಪುಮೊಟ್ಟೆ ತಿಂತೀಯಾ?" ಎಂದಳು. ಚಾರಿಂಗ್ ಎರಡು ತಿಂದಳು.

ಅಂಬೋನ ಚಪ್ಪಟೆ ಬಂಡೆಯ ಮೇಲೆ ಚಾಪೆ ಹಾಸಿದರು. ನೆಲ್ಸನ್ ನೀರಿಗೆ ಬಿದ್ದು ತಣ್ಣಗಿದೆ ಎಂದು ಕೂಗಿದ. ನಿಕ್ಕಾ ಅಪ್ಪನ ಬೆನ್ನೇರಿದಳು. ಕಲ್ಲು ಹೊತ್ತು ಅಣೆಕಟ್ಟು ಕಟ್ಟಿದಳು. ಏಡಿ ಹಿಡಿಯಲು ಹೋಗಿ ಕಚ್ಚಿಸಿಕೊಂಡಳು. ಎರಡು ಗಂಟೆ ಯಾರ ಮೂಗಿನ ಕೆಳಗೂ ಬೆರಳಿಡಲಿಲ್ಲ. ಕಾದ್ಯೋ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನತ್ತ ತಿರುಗಿಯೂ ನೋಡಲಿಲ್ಲ. ಇಸಿಂಗ್ ಹಳದಿ ಗೌನನ್ನು ಮೊಣಕಾಲಿಗೆ ಎತ್ತಿ ನೀರಿಗೆ ಕಾಲಿಳಿಸಿ ಕೂತಳು. ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿದ್ದಳು.

ಊಟವಾಯಿತು. ಅದೋಬೋದಲ್ಲಿ ಉಪ್ಪು ಜಾಸ್ತಿಯೇ ಇತ್ತು. ನಿಕ್ಕಾ ಒದ್ದೆ ತಲೆಯನ್ನು ಅಜ್ಜಿಯ ತೊಡೆಗೆ ಒರಗಿಸಿ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳು. ಹಗಲಿನಲ್ಲಿ, ತಾನಾಗಿ, ಯಾರೂ ಹೇಳದೆ.

ಇಸಿಂಗ್ ಗೆದ್ದವಳಂತೆ ಮಗಳ ಕಡೆ ನೋಡಿದಳು. "ನೋಡಿದ್ಯಾ? ಮರ, ನೀರು. ನಾನು ಹೇಳಿರಲಿಲ್ವಾ?"

ಸ್ವಲ್ಪ ಹೊತ್ತು ಕಳೆಯಿತು. ಮಗು ಅಲುಗಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ನೀರಿನ ಸದ್ದಿಗೆ ಉಸಿರು ಕೇಳುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಎದೆ ಏರುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕೈ ತಣ್ಣಗಿತ್ತು. ಅಂದು ಬೆಂಚಿನ ಮೇಲೂ ಹೀಗೇ, ನಿದ್ದೆಯಂತೆಯೇ ಇತ್ತು. ಇಸಿಂಗ್ ಕ್ಲಾರಿಟಾ ಕಡೆ ನೋಡಿದಳು, ಅವಳು ಪಾತ್ರೆ ತೊಳೆಯುತ್ತಿದ್ದಳು. ಚಾರಿಂಗ್ ಕಡೆ ನೋಡಿದಳು, ಅವಳು ಇತ್ತ ನೋಡುತ್ತಿರಲಿಲ್ಲ.

ಯಾರಿಗೂ ಕಾಣದ ಹಾಗೆ, ಮೆಲ್ಲಗೆ, ನಿಕ್ಕಾಳ ಮೂಗಿನ ಕೆಳಗೆ ಬೆರಳಿಟ್ಟಳು.

"ಸತ್ತಿಲ್ಲ ಕಣೇ ಲೋಲಾ" ಎಂದಿತು ಮಗು, ಕಣ್ಣು ಬಿಡದೆ. "ಸುಮ್ನಿರು."